ಮಳೆಗಾಲದ ಬೆಳಿಗ್ಗೆ ಮಿಸ್ಸಿಂಗ್: ಹಳೆಯ ಪೆಟ್ರೋಲ್ ಗಾಡಿಯ ರೋಗವನ್ನು ಮನೆಯಂಗಳದಲ್ಲೇ ಹಿಡಿಯುವ ಬಗೆ

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿದೆ. ಅಂಗಳದ ಮೂಲೆಯ ಶೆಡ್ಡಿನಲ್ಲಿ ಅಪ್ಪ ಕೊಂಡ ಕಾರ್ಬುರೇಟರಿನ ಮಾರುತಿ 800 ಇದೆ. ಮೂರು ಕಡೆ ಅಡಿಕೆ ತೋಟ. ಜೂನ್ ಹಿಡಿದರೆ ಸೆಪ್ಟೆಂಬರ್ ವರೆಗೆ ಅಲ್ಲಿ ಒಣಗಿದ ವಸ್ತು ಎಂಬುದೇ ಇಲ್ಲ. ಒಂದು ವರ್ಷ ಮಳೆ ಹಿಡಿದ ಎರಡನೇ ವಾರದಿಂದ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆದೊಡನೆ ಕುಂಟತೊಡಗಿತು. ಗೇಟು ದಾಟಿ ಏರು ಹತ್ತುವಾಗ ಮೈಯೆಲ್ಲ ನಡುಗುತ್ತಿತ್ತು. ಪೇಟೆಯ ಗ್ಯಾರೇಜಿಗೆ ತಲುಪುವಷ್ಟರಲ್ಲಿ ಸದ್ದು ಹೂವಿನಂತೆ. ಅಲ್ಲಿ ಮೊದಲ ಸಲ ಕಿಡಿ ಹಾರಿಸುವ ಪ್ಲಗ್ ಬದಲಾಯಿತು, ಎರಡನೇ ಸಲ ಪೆಟ್ರೋಲು-ಗಾಳಿ ಬೆರೆಸುವ ಕಾರ್ಬುರೇಟರ್ ಬಿಚ್ಚಿ ತೊಳೆದರು, ಮೂರನೇ ಸಲ ಕಿಡಿಗೆ ಬೇಕಾದ ಹೆಚ್ಚು ವೋಲ್ಟಿನ ಕರೆಂಟು ಕೊಡುವ ಕಾಯಿಲ್ ಹೊಸದಾಯಿತು. ಪ್ರತಿ ಸಲವೂ ಮರುದಿನ ಬೆಳಿಗ್ಗೆ ಅದೇ ಕುಂಟು.

ಆ ಮೆಕ್ಯಾನಿಕ್ ಕೆಲಸ ಗೊತ್ತಿಲ್ಲದವರಲ್ಲ. ಅವರ ಕೈಗೆ ಸಿಕ್ಕಾಗ ಗಾಡಿಗೆ ರೋಗವೇ ಇರುತ್ತಿರಲಿಲ್ಲ, ಅಷ್ಟೆ. ಎಂಜಿನ್ನಿನ ಬಿಸಿಗೆ ತೇವ ಆರಿಬಿಟ್ಟಿರುತ್ತಿತ್ತು. ಮಿಸ್ಸಿಂಗ್ ಹಿಡಿಯಬೇಕಾದರೆ ಅದು ಇರುವ ಹೊತ್ತಿನಲ್ಲಿ, ಇರುವ ಜಾಗದಲ್ಲೇ ಹಿಡಿಯಬೇಕು ಎಂದು ಆಗ ನನಗೆ ಮನವರಿಕೆಯಾಯಿತು. ತುಳು, ಮಲಯಾಳ, ಕನ್ನಡ, ಯಾವ ಮಾತಿನ ಗ್ಯಾರೇಜಿಗೆ ಹೋದರೂ ನಮ್ಮ ಕಾಸರಗೋಡಿನಲ್ಲಿ ಈ ರೋಗಕ್ಕೆ ಹೆಸರು ‘ಮಿಸ್ಸಿಂಗ್’ ಒಂದೇ. ಕಾರಣ ಮಾತ್ರ ಹತ್ತಾರು. ಅವನ್ನು ಒಂದೊಂದಾಗಿ ತಳ್ಳಿಹಾಕುತ್ತ ಹೋಗುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಅಳತೆಗಳು ಕಾರ್ಬುರೇಟರಿನ ಮಾರುತಿ 800ರವು. ಪದ್ಮಿನಿ, ಅಂಬಾಸಿಡರ್, ಓಮ್ನಿ ಇದ್ದವರು ಕ್ರಮ ಇದನ್ನೇ ಹಿಡಿದು, ಅಳತೆಗಳನ್ನು ತಮ್ಮ ಗಾಡಿಯ ಪುಸ್ತಕದಿಂದ ತೆಗೆದುಕೊಳ್ಳಿ.

ಮಿಸ್ ಎಂದರೆ ಏನಾಗುತ್ತದೆ

ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಕ್ರಾಂಕ್ ಎರಡು ಸುತ್ತು ತಿರುಗಿದಾಗ ಪ್ರತಿ ಸಿಲಿಂಡರ್ ಒಮ್ಮೆ ಉರಿಯುತ್ತದೆ. 800ಕ್ಕೆ ಮೂರು ಸಿಲಿಂಡರ್, ಒಟ್ಟು 796 ಸಿಸಿ. ಉರಿಯುವ ಸರದಿ 1-3-2. ಟೈಮಿಂಗ್ ಬೆಲ್ಟ್ ಇರುವ ಕಡೆಯದು ಒಂದನೆಯದು. ನಿಂತಲ್ಲಿ ನಿಮಿಷಕ್ಕೆ 900 ಸುತ್ತು ತಿರುಗುತ್ತಿದ್ದರೆ ಒಂದೊಂದು ಸಿಲಿಂಡರ್ 450 ಸಲ ಉರಿಯಬೇಕು. ಅವುಗಳಲ್ಲಿ ಕೆಲವು ತಪ್ಪಿದರೂ ನಮಗೆ ನಡುಕವಾಗಿ ತಿಳಿಯುತ್ತದೆ. ನಾಲ್ಕು ಸಿಲಿಂಡರಿನ ಗಾಡಿಯಲ್ಲಿ ಒಂದು ಸತ್ತರೆ ಕಾಲು ಭಾಗ ಶಕ್ತಿ ಹೋಯಿತು, ಇದರಲ್ಲಿ ಮೂರನೇ ಒಂದು ಭಾಗ. ಏರಿನಲ್ಲಿ ಅದು ಸಣ್ಣ ನಷ್ಟವಲ್ಲ.

ಉರಿಯಲು ಮೂರು ಬೇಕು: ಸರಿಯಾದ ಹೊತ್ತಿಗೆ ಕಿಡಿ, ಸರಿಯಾದ ಹದದಲ್ಲಿ ಪೆಟ್ರೋಲು-ಗಾಳಿ, ಅದನ್ನು ಒತ್ತಿ ಹಿಡಿಯುವ ಕಂಪ್ರೆಶನ್. ಹುಡುಕುವುದನ್ನೂ ಇದೇ ಸಾಲಿನಲ್ಲಿ ಮಾಡಬೇಕು. ಕಿಡಿಯನ್ನು ನೋಡುವುದು ಸುಲಭ, ಖರ್ಚೂ ಇಲ್ಲ. ಹಳೆಯ ಗಾಡಿಗಳಲ್ಲಿ, ಅದರಲ್ಲೂ ನಮ್ಮಂಥ ತೇವದ ಊರಿನಲ್ಲಿ, ತಪ್ಪು ಹೆಚ್ಚಾಗಿ ಅಲ್ಲೇ ಸಿಗುತ್ತದೆ. ಕಾರ್ಬುರೇಟರ್ ಬಿಚ್ಚುವುದು ಮೊದಲ ಕೆಲಸ ಆಗಲೇಬಾರದು. ಬಿಚ್ಚಿದರೆ ಹದ ಕೆಡುತ್ತದೆ. ಆಮೇಲೆ ಒಂದು ತಪ್ಪಿನ ಜಾಗದಲ್ಲಿ ಎರಡು.

ಮೊದಲ ಹೆಜ್ಜೆ: ಮೂರು ದಿನ ಬರೆದಿಡಿ

ಬಾನೆಟ್ ಎತ್ತುವ ಮೊದಲು ಒಂದು ಪುಸ್ತಕ, ಒಂದು ಪೆನ್ನು. ಯಾವಾಗ ಮಿಸ್ ಆಗುತ್ತದೆ? ತಣ್ಣಗಿರುವಾಗಲೋ, 20 ನಿಮಿಷ ಓಡಿದ ಮೇಲೋ? ಮಳೆಯ ದಿನ ಮಾತ್ರವೋ? ಸ್ಲೋದಲ್ಲೋ (ರೇಸ್ ಕೊಡದೆ ನಿಂತಲ್ಲಿ ಓಡುವಾಗ), ಏರಿನಲ್ಲೋ, ಇಳಿಜಾರಿನಲ್ಲಿ ಕಾಲು ಎತ್ತಿದಾಗಲೋ? ಪೆಟ್ರೋಲು ಹಾಕಿಸಿದ ಮೇಲೆ ಶುರುವಾಯಿತೋ?

ಈ ಉತ್ತರಗಳಲ್ಲೇ ಅರ್ಧ ಕೆಲಸ ಮುಗಿದಿರುತ್ತದೆ. ಬೆಳಿಗ್ಗೆ ಮಿಸ್ ಆಗಿ, ಬಿಸಿಯಾದ ಮೇಲೆ ಸರಿಹೋದರೆ ಡೆಲ್ಕೊ (ಕಿಡಿಯ ಕರೆಂಟನ್ನು ಸಿಲಿಂಡರುಗಳಿಗೆ ಸರದಿಯಂತೆ ಹಂಚುವ ಡಿಸ್ಟ್ರಿಬ್ಯೂಟರ್) ಕ್ಯಾಪು ಇಲ್ಲವೇ ಪ್ಲಗ್ ವಯರಿನಲ್ಲಿ ತೇವ. ತಣ್ಣಗಿರುವಾಗ ಚೆನ್ನಾಗಿದ್ದು, ಬಿಸಿಯಾದ ಮೇಲೆ ಕೈಕೊಟ್ಟು, ಅರ್ಧ ಗಂಟೆ ನಿಲ್ಲಿಸಿದರೆ ಮತ್ತೆ ಸರಿಯಾದರೆ ಕಾಯಿಲ್ ಅಥವಾ ಡೆಲ್ಕೊದ ಕಂಡೆನ್ಸರ್ (ಕರೆಂಟು ಕಡಿಯುವ ಪಾಯಿಂಟ್ ಸುಡದಂತೆ ಕಾಯುವ ಭಾಗ). ಸ್ಲೋದಲ್ಲಿ ಮಾತ್ರ ಮಿಸ್, ರೇಸ್ ಕೊಟ್ಟರೆ ಸರಿ ಎಂದಾದರೆ ಎಲ್ಲೋ ಗಾಳಿ ಒಳಗೆ ಎಳೆಯುತ್ತಿದೆ, ಇಲ್ಲವೇ ಕಾರ್ಬುರೇಟರಿನ ಸ್ಲೋ ಜೆಟ್ (ಸ್ಲೋಗೆ ಪೆಟ್ರೋಲು ಬಿಡುವ ಸಣ್ಣ ತೂತು) ಕಟ್ಟಿದೆ, ಇಲ್ಲವೇ ಒಂದು ವಾಲ್ವ್ ಸೋರುತ್ತಿದೆ. ಸಮತಟ್ಟಿನಲ್ಲಿ ಓಡಿ ಏರಿನಲ್ಲಿ ಮಿಸ್ ಆದರೆ ಕಿಡಿಗೆ ಬಲವಿಲ್ಲ ಅಥವಾ ಪೆಟ್ರೋಲು ಸಾಲುತ್ತಿಲ್ಲ. ಸಿಲಿಂಡರಿನ ಒಳಗೆ ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರುವುದು ಕಷ್ಟ. ಹಾಗಾಗಿಯೇ ಬಲಹೀನ ಕಾಯಿಲ್ ನಿಂತಲ್ಲಿ ಗೊತ್ತಾಗದೆ ಏರಿನಲ್ಲಿ ಸಿಕ್ಕಿಬೀಳುತ್ತದೆ.

ಇವೆಲ್ಲ ಸೂಚನೆಗಳು ಮಾತ್ರ. ಇವನ್ನೇ ತೀರ್ಪು ಎಂದುಕೊಂಡು ಅಂಗಡಿಗೆ ಹೋಗಬೇಡಿ.

ಕೈ ಹಾಕುವ ಮುನ್ನ

ಪ್ಲಗ್ಗಿಗೆ ಹೋಗುವ ಕರೆಂಟು ಹತ್ತು ಸಾವಿರ ವೋಲ್ಟಿಗೂ ಮೀರಿದ್ದು. ಸಾಮಾನ್ಯವಾಗಿ ಕೊಲ್ಲುವುದಿಲ್ಲ. ಆದರೆ ಹೊಡೆತಕ್ಕೆ ಕೈ ಹಿಂದಕ್ಕೆ ಹಾರಿ ಫ್ಯಾನಿಗೆ ಸಿಕ್ಕರೆ ಬೆರಳು ಹೋದೀತು. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಚಾಲೂ ಇರುವ ಎಂಜಿನ್ನಿನ ಹತ್ತಿರ ಬರಲೇಬಾರದು. ಕಾಲಿಗೆ ಒಣಗಿದ ರಬ್ಬರ್ ಚಪ್ಪಲಿ ಇರಲಿ. ಲುಂಗಿ ಉಟ್ಟಿದ್ದರೆ ಎತ್ತಿ ಕಟ್ಟಿ, ಹೆಗಲ ಮೇಲಿನ ಬೈರಾಸು ತೆಗೆದಿಡಿ. ಗಾಡಿಯನ್ನು ಶೆಡ್ಡಿನಿಂದ ಹೊರಗೆ ತನ್ನಿ. ಮುಚ್ಚಿದ ಜಾಗದಲ್ಲಿ ಹೊಗೆ ತುಂಬಿದರೆ ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್ ವಾಸನೆಯೂ ಇಲ್ಲದೆ ಜೀವ ತೆಗೆಯುತ್ತದೆ. ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಚಕ್ರಕ್ಕೊಂದು ಕಲ್ಲು. ಎಲ್ಲಾದರೂ ಪೆಟ್ರೋಲು ಜಿನುಗುತ್ತಿದ್ದರೆ ಅದನ್ನು ಸರಿಮಾಡುವವರೆಗೆ ಕಿಡಿಯ ಯಾವ ಪರೀಕ್ಷೆಯೂ ಬೇಡ.

ಸಾಮಾನು ಹೆಚ್ಚು ಬೇಡ. ಪ್ಲಗ್ ಪಾನ, ಸಂದು ಅಳೆಯುವ ಫೀಲರ್ ಗೇಜ್, ಸಾಮಾನ್ಯ ಮಲ್ಟಿಮೀಟರ್, ಒಳ್ಳೆಯದೆಂದು ಖಚಿತವಿರುವ ಒಂದು ಪ್ಲಗ್, ನೀರು ಚಿಮುಕಿಸುವ ಬಾಟಲಿ, ಬಟ್ಟೆ, ಬಣ್ಣದ ಟೇಪು. ಟೇಪು ಮರೆಯಬೇಡಿ. ಬಿಚ್ಚುವ ಮೊದಲೇ ವಯರಿಗೆ 1, 2, 3 ಎಂದು ಗುರುತು ಹಾಕದೆ ಆಮೇಲೆ ಅದಲುಬದಲು ಸಿಕ್ಕಿಸಿ ಹೊಸ ಮಿಸ್ಸಿಂಗ್ ತಂದುಕೊಂಡವರು ಬಹಳ ಮಂದಿ.

ಎರಡನೇ ಹೆಜ್ಜೆ: ಕಿವಿ ಕೊಡಿ

ಸೈಲೆನ್ಸರಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಒಂದು ನಿಮಿಷ ಕೇಳಿ. ಬಯಲಾಟ ನೋಡಿ ಬೆಳೆದ ಕಿವಿಗೆ ಇದು ಕಷ್ಟವಲ್ಲ. ಒಂದೇ ಲೆಕ್ಕದಲ್ಲಿ ಪೆಟ್ಟು ತಪ್ಪುತ್ತಿದೆಯೇ, ಲೆಕ್ಕವಿಲ್ಲದೆ ಅಲ್ಲೊಂದು ಇಲ್ಲೊಂದು ತಪ್ಪುತ್ತಿದೆಯೇ? ಲೆಕ್ಕದಲ್ಲಿ ತಪ್ಪಿದರೆ ಒಂದು ಸಿಲಿಂಡರಿನ ರೋಗ: ಅದರ ಪ್ಲಗ್, ಅದರ ವಯರ್, ಅದರ ವಾಲ್ವ್. ಲೆಕ್ಕವಿಲ್ಲದೆ ತಪ್ಪಿದರೆ ಎಲ್ಲಕ್ಕೂ ಸೇರಿದ್ದೇನೋ ಕೆಟ್ಟಿದೆ: ಕಾಯಿಲ್, ಪಾಯಿಂಟ್, ರೋಟರ್ (ಡೆಲ್ಕೊದೊಳಗೆ ತಿರುಗುತ್ತ ಕರೆಂಟು ಹಂಚುವ ತುಂಡು), ಪೆಟ್ರೋಲು.

ಒಂದು ಉದ್ದ ಕಾಗದದ ಪಟ್ಟಿಯನ್ನು ಸೈಲೆನ್ಸರ್ ಬಾಯಿಯ ಎದುರು ಹಿಡಿದು ನೋಡಿ. ಸಮನಾಗಿ ಹೊರಕ್ಕೆ ಹಾರುತ್ತಿರಬೇಕು. ಆಗಾಗ ಒಳಕ್ಕೆ ಎಳೆದುಕೊಂಡರೆ ಎಕ್ಸಾಸ್ಟ್ ವಾಲ್ವ್ ಸರಿಯಾಗಿ ಕೂರುತ್ತಿಲ್ಲ ಎಂಬ ಅನುಮಾನ ಬರೆದಿಡಿ. ತೀರ್ಮಾನ ಕಂಪ್ರೆಶನ್ ನೋಡಿದ ಮೇಲೆ.

ಮೂರನೇ ಹೆಜ್ಜೆ: ಯಾವ ಸಿಲಿಂಡರ್?

ಎಂಜಿನ್ ಓಡುತ್ತಿರುವಾಗಲೇ ಒಂದೊಂದು ಪ್ಲಗ್ ವಯರ್ ಎಳೆದು ನೋಡುವುದು ನಮ್ಮ ಕಡೆ ರೂಢಿ. ನಾನು ಹಾಗೆ ಮಾಡುವುದಿಲ್ಲ, ನೀವೂ ಮಾಡಬೇಡಿ. ಶಾಕ್ ಒಂದು ಕಾರಣ. ಇನ್ನೊಂದು, ಹೊರಹೋಗಲು ದಾರಿಯಿಲ್ಲದ ಕರೆಂಟು ಕ್ಯಾಪನ್ನೋ ಕಾಯಿಲನ್ನೋ ಸೀಳಿಕೊಂಡು ಹೋಗುತ್ತದೆ. ಹುಡುಕಲು ಹೋಗಿ ಹೊಸ ತೂತು ಮಾಡಿದಂತಾಗುತ್ತದೆ.

ಎಂಜಿನ್ ನಿಲ್ಲಿಸಿ. ಒಂದನೇ ವಯರನ್ನು ಪ್ಲಗ್ಗಿನಿಂದ ಕಳಚಿ, ಕೈಯಲ್ಲಿರುವ ಒಳ್ಳೆಯ ಪ್ಲಗ್ಗಿಗೆ ಸಿಕ್ಕಿಸಿ. ಆ ಪ್ಲಗ್ಗಿನ ಲೋಹದ ಮೈ ಎಂಜಿನ್ನಿಗೆ ಗಟ್ಟಿಯಾಗಿ ತಾಗುವಂತೆ ತಂತಿಯಲ್ಲಿ ಕಟ್ಟಿ. ಈಗ ಸ್ಟಾರ್ಟ್ ಮಾಡಿಸಿ. ಕುಂಟು ಇನ್ನೂ ಹೆಚ್ಚಾದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು ಎಂದರ್ಥ. ಏನೂ ವ್ಯತ್ಯಾಸವಾಗದಿದ್ದರೆ ಸತ್ತದ್ದು ಅದೇ. ಹೀಗೆ ಮೂರಕ್ಕೂ ಮಾಡಿ. ಕಟ್ಟಿದ ಪ್ಲಗ್ಗಿನಲ್ಲಿ ನೀಲಿ ಕಿಡಿ ಚಟಚಟ ಹಾರುತ್ತಿದೆಯೋ, ಹಳದಿಯಾಗಿ ಸೊರಗಿದೆಯೋ ಎಂದೂ ಅದೇ ಹೊತ್ತಿಗೆ ತಿಳಿಯುತ್ತದೆ. ಉರಿಯದ ಪೆಟ್ರೋಲು ಸಿಲಿಂಡರನ್ನು ತೊಳೆದು ಎಣ್ಣೆಗೆ ಇಳಿಯುವುದರಿಂದ ಒಂದೊಂದನ್ನು ಅರ್ಧ ನಿಮಿಷಕ್ಕಿಂತ ಹೆಚ್ಚು ಓಡಿಸಬೇಡಿ. ಸೈಲೆನ್ಸರಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷ ಇಳಿಸುವ ಡಬ್ಬಿ) ಇರುವ ಗಾಡಿಯಾದರೆ ಈ ಪರೀಕ್ಷೆಯನ್ನು ಬಿಟ್ಟುಬಿಡಿ. ಹಸಿ ಪೆಟ್ರೋಲು ಅದರೊಳಗೆ ಹೋಗಿ ಉರಿದರೆ ಕನ್ವರ್ಟರ್ ಕರಗುತ್ತದೆ.

ಇದಕ್ಕಿಂತ ಸುಲಭದ ಉಪಾಯ ಒಂದಿದೆ. ಎಂಜಿನ್ ಪೂರ್ತಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಒಂದು ನಿಮಿಷ ಬಿಡಿ. ಹಿಡಿಸೂಡಿಯ ಒಂದು ಕಡ್ಡಿಯನ್ನು ನೀರಿಗೆ ಅದ್ದಿ, ತುದಿಯ ಹನಿಯನ್ನು ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಒಂದೊಂದು ಕವಲಿಗೂ ತಾಗಿಸಿ. ಉರಿಯುತ್ತಿರುವ ಸಿಲಿಂಡರಿನ ಕವಲಲ್ಲಿ ಹನಿ ಚುಂಯ್ ಎಂದು ಆರುತ್ತದೆ, ಸತ್ತದ್ದರಲ್ಲಿ ಸುಮ್ಮನೆ ಇಳಿಯುತ್ತದೆ. ಒಂದು ಹನಿ ಮಾತ್ರ. ಬಿಸಿ ಬೀಡುಕಬ್ಬಿಣಕ್ಕೆ ನೀರು ಸುರಿದರೆ ಅದು ಬಿರುಕು ಬಿಡಬಹುದು.

ನಾಲ್ಕನೇ ಹೆಜ್ಜೆ: ಪ್ಲಗ್ ಓದಿ, ಆಮೇಲೆ ಅದಲುಬದಲು ಮಾಡಿ

ಮೂರು ಪ್ಲಗ್ಗನ್ನೂ ಬಿಚ್ಚಿ, ಸರದಿ ತಪ್ಪದಂತೆ ಒಂದು ಹಲಗೆಯ ಮೇಲೆ ಸಾಲಾಗಿ ಇಡಿ. ತುದಿಯ ಪಿಂಗಾಣಿ ತೆಳು ಕಂದು ಬಣ್ಣದಲ್ಲಿದ್ದರೆ ಆ ಸಿಲಿಂಡರ್ ಆರೋಗ್ಯವಾಗಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲು ಹೆಚ್ಚು ಅಥವಾ ಕಿಡಿ ಬಲಹೀನ. ಒದ್ದೆಯಾಗಿ ಪೆಟ್ರೋಲು ವಾಸನೆ ಬಂದರೆ ಅಲ್ಲಿ ಕಿಡಿ ಹಾರಿಯೇ ಇಲ್ಲ. ಜಿಡ್ಡು ಕಪ್ಪಾಗಿದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ದಾಟಿ ಎಂಜಿನ್ ಎಣ್ಣೆ ಬರುತ್ತಿದೆ. ಸುಣ್ಣದಂತೆ ಬಿಳಿಚಿ ಗುಳ್ಳೆ ಎದ್ದಿದ್ದರೆ ಗಾಳಿ ಹೆಚ್ಚಾಗಿ ಎಂಜಿನ್ ವಿಪರೀತ ಕಾಯುತ್ತಿದೆ. ಎರಡು ಮಸಿ ಹಿಡಿದು ಒಂದು ಮಾತ್ರ ತೊಳೆದಿಟ್ಟಂತೆ ಹೊಳೆಯುತ್ತಿದ್ದರೆ ರೇಡಿಯೇಟರಿನ ನೀರು ಕಡಿಮೆಯಾಗುತ್ತಿದೆಯೇ ಎಂದು ನೋಡಿ. ಹೆಡ್ ಗ್ಯಾಸ್ಕೆಟ್ ದಾಟಿ ನೀರು ಸಿಲಿಂಡರಿಗೆ ಬಂದರೆ ಪ್ಲಗ್ ಹಾಗೆ ತೊಳೆದುಹೋಗುತ್ತದೆ.

ಕಿಡಿ ಹಾರುವ ತುದಿಯ ಗ್ಯಾಪ್ 0.7ರಿಂದ 0.8 ಮಿ.ಮೀ. ಇರಲಿ. ಪಿಂಗಾಣಿಯಲ್ಲಿ ಕೂದಲೆಳೆಯ ಬಿರುಕಿದ್ದರೂ ಆ ಪ್ಲಗ್ ಬೇಡ.

ಈಗ ಸತ್ತ ಸಿಲಿಂಡರಿನ ಪ್ಲಗ್ಗನ್ನು ಪಕ್ಕದ್ದಕ್ಕೆ, ಪಕ್ಕದ್ದನ್ನು ಇದಕ್ಕೆ ಹಾಕಿ ಓಡಿಸಿ. ಮಿಸ್ ಪ್ಲಗ್ಗಿನ ಜತೆಗೇ ಹೋಯಿತೋ, ಪ್ಲಗ್ಗೇ ಕಾರಣ. ಅಲ್ಲೇ ಉಳಿಯಿತೋ, ಉದ್ದ ಸಾಕಾದರೆ ವಯರನ್ನೂ ಹೀಗೇ ಬದಲಿಸಿ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಗಾಡಿ ಸರಿಯಾದೀತು, ಯಾವುದರಿಂದ ಸರಿಯಾಯಿತು ಎಂದು ತಿಳಿಯುವುದಿಲ್ಲ.

ಐದನೇ ಹೆಜ್ಜೆ: ಡೆಲ್ಕೊ, ಕ್ಯಾಪು, ವಯರು

ನಮ್ಮ ಊರಿನ ಮಳೆಗೆ ಮೊದಲು ಬಲಿಯಾಗುವುದು ಇದೇ ಭಾಗ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಸೂರ್ಯ ಹುಟ್ಟುವ ಮೊದಲಿನ ಕತ್ತಲಲ್ಲಿ, ದೀಪ ಆರಿಸಿ, ಎಂಜಿನ್ ಚಾಲೂ ಮಾಡಿ ಬಾನೆಟ್ ಒಳಗೆ ನೋಡಿ. ಬಾಟಲಿಯಿಂದ ವಯರುಗಳ ಮೇಲೆ, ಕ್ಯಾಪಿನ ಸುತ್ತ ತೆಳುವಾಗಿ ನೀರು ಚಿಮುಕಿಸಿ. ಸೋರುವ ಕರೆಂಟು ಸಣ್ಣ ನೀಲಿ ಗೆರೆಯಾಗಿ ಕಾಣುತ್ತದೆ, ಟಿಕ್ ಟಿಕ್ ಎಂದು ಕೇಳಿಸುತ್ತದೆ. ನಮ್ಮ ಗಾಡಿಯ ರೋಗ ಸಿಕ್ಕಿದ್ದು ಹೀಗೆ. ತಮ್ಮ ಒಳಗೆ ಕೂತು ರೇಸ್ ಹಿಡಿದಿದ್ದ, ನಾನು ಚಿಮುಕಿಸುತ್ತಿದ್ದೆ. ಕ್ಯಾಪಿನ ಪಕ್ಕದಲ್ಲಿ ನೀಲಿ ಎಳೆಯೊಂದು ಮಿಂಚಿ ಮಾಯವಾಯಿತು. ಕ್ಯಾಪು ತೆಗೆದು ನೋಡಿದರೆ ಒಳಗೆ ಪ್ಲಗ್ ವಯರುಗಳಿಗೆ ಕರೆಂಟು ದಾಟಿಸುವ ಎರಡು ಲೋಹದ ಕಂಬಗಳ ನಡುವೆ ಪೆನ್ಸಿಲಿನಿಂದ ಎಳೆದಂತೆ ಕಪ್ಪು ಗೆರೆ. ತೇವದ ಮೇಲೆ ಕರೆಂಟು ಹರಿದು ಹರಿದು ಪ್ಲಾಸ್ಟಿಕ್ಕನ್ನೇ ಸುಟ್ಟು ಮಾಡಿಕೊಂಡ ಇದ್ದಿಲ ದಾರಿ ಅದು. ಒಮ್ಮೆ ಆ ದಾರಿ ಬಿದ್ದರೆ ಎಷ್ಟು ಉಜ್ಜಿದರೂ ಹೋಗದು, ಹೊಸ ಕ್ಯಾಪೇ ಬೇಕು.

ಕ್ಯಾಪು ತೆಗೆದಾಗ ನೋಡಬೇಕಾದ್ದು ಇನ್ನೂ ಇದೆ. ನಡುವಿನ ಕಾರ್ಬನ್ ಕಡ್ಡಿ ಸ್ಪ್ರಿಂಗಿನ ಮೇಲೆ ಕುಣಿಯುತ್ತಿರಬೇಕು. ಕಂಬಗಳ ಮೇಲೆ ಬಿಳಿ, ಹಸಿರು ಕಿಲುಬಿದ್ದರೆ ಹೆರೆಯಿರಿ. ಕುಂಬಳೆ, ಉಪ್ಪಳ, ಮಂಜೇಶ್ವರದಂಥ ಕಡಲ ಬದಿಯ ಊರಿನವರು ಇದನ್ನು ವರ್ಷಕ್ಕೊಮ್ಮೆಯಾದರೂ ನೋಡಲೇಬೇಕು, ಉಪ್ಪುಗಾಳಿ ಲೋಹವನ್ನು ಬಿಡುವುದಿಲ್ಲ. ಕ್ಯಾಪು ಒದ್ದೆ ಮಾತ್ರ ಆಗಿದ್ದರೆ ಒರೆಸಿ, ಒಲೆಯ ಪಕ್ಕದ ಬೆಚ್ಚನೆ ಜಾಗದಲ್ಲಿ ಹತ್ತು ನಿಮಿಷ ಇಟ್ಟರೆ ಸಾಕು. ಬೆಂಕಿಯ ಮೇಲೆ ಹಿಡಿಯಬೇಡಿ.

ವಯರಿನ ಮೇಲೆ ಇಲಿ ಹಲ್ಲಿನ ಗುರುತಿದೆಯೇ? ಅಡಿಕೆ, ತೆಂಗಿನಕಾಯಿ ರಾಶಿ ಹಾಕುವ ಶೆಡ್ಡಿನಲ್ಲಿ ನಿಲ್ಲುವ ಗಾಡಿಗೆ ಇದು ನಿತ್ಯದ ಕಾಟ. ಮಲ್ಟಿಮೀಟರಿನಲ್ಲಿ ಕಾರ್ಬನ್ ವಯರು ಮೀಟರ್ ಉದ್ದಕ್ಕೆ ಸುಮಾರು 10ರಿಂದ 20 ಕಿಲೊಓಮ್ ತೋರಿಸಬೇಕು. ಒಂದು ಮಾತ್ರ ಉಳಿದವಕ್ಕಿಂತ ಬಹಳ ಹೆಚ್ಚು ತೋರಿಸಿದರೆ ಒಳಗಿನ ಎಳೆ ತುಂಡಾಗಿದೆ.

ಪಾಯಿಂಟ್ ಇರುವ ಡೆಲ್ಕೊ ಆದರೆ ಕ್ರಾಂಕ್ ತಿರುಗಿಸಿ ಪಾಯಿಂಟ್ ಪೂರ್ತಿ ತೆರೆದಲ್ಲಿ ನಿಲ್ಲಿಸಿ, ಗ್ಯಾಪ್ 0.4ರಿಂದ 0.5 ಮಿ.ಮೀ.ಗೆ ಕೂರಿಸಿ. ಮೇಲ್ಮೈ ಸುಟ್ಟು, ಒಂದು ಕಡೆ ಗುಡ್ಡೆ ಇನ್ನೊಂದು ಕಡೆ ಗುಳಿ ಆಗಿದ್ದರೆ ಪಾಯಿಂಟಿನ ಜತೆ ಕಂಡೆನ್ಸರನ್ನೂ ಬದಲಿಸಿ. ಒಳ್ಳೆಯ ಕಂಡೆನ್ಸರ್ ಇಲ್ಲದೆ ಹೊಸ ಪಾಯಿಂಟ್ ಹೆಚ್ಚು ದಿನ ಬಾಳುವುದಿಲ್ಲ. ಗ್ಯಾಪ್ ಬದಲಾದರೆ ಕಿಡಿಯ ಟೈಮಿಂಗೂ ಸ್ವಲ್ಪ ಸರಿಯುತ್ತದೆ, ಆಮೇಲೆ ಅದನ್ನು ಟೈಮಿಂಗ್ ಲೈಟಿನಲ್ಲಿ ನೋಡಿಸಿ. ಕೊನೆಗೆ ರೋಟರಿನ ಕಂಬವನ್ನು ಎರಡು ಬೆರಳಲ್ಲಿ ಹಿಡಿದು ಅಕ್ಕಪಕ್ಕಕ್ಕೆ ಅಲ್ಲಾಡಿಸಿ. ಆಟ ಇದ್ದರೆ ಬುಷ್ ಸವೆದಿದೆ. ಪ್ರತಿ ಸುತ್ತಿನಲ್ಲೂ ಪಾಯಿಂಟ್ ಗ್ಯಾಪ್ ಬೇರೆ ಬೇರೆಯಾಗುವುದರಿಂದ ಲೆಕ್ಕವಿಲ್ಲದ ಮಿಸ್ಸಿಂಗ್ ಬರುತ್ತದೆ. ನೂರು ಸಲ ಗ್ಯಾಪ್ ಕೂರಿಸಿದರೂ ಅದು ಹೋಗುವುದಿಲ್ಲ.

ಕಾಯಿಲನ್ನು ಬಿಸಿಯಿರುವಾಗಲೇ ಅಳೆಯಿರಿ, ಅದು ಸೋಲುವುದು ಬಿಸಿಯಲ್ಲಿ.

ಆರನೇ ಹೆಜ್ಜೆ: ಪೆಟ್ರೋಲು ಮತ್ತು ಗಾಳಿ

ಕಿಡಿ ಮೂರಕ್ಕೂ ಬಲವಾಗಿದೆ ಎಂದು ಖಚಿತವಾದ ಮೇಲೆಯೇ ಇಲ್ಲಿಗೆ ಬನ್ನಿ. ಮಿಸ್ ಆಗುತ್ತಿರುವಾಗ ಚೋಕನ್ನು ಸ್ವಲ್ಪ ಎಳೆಯಿರಿ. ಸದ್ದು ನೆಟ್ಟಗಾದರೆ ಪೆಟ್ರೋಲು ಕಡಿಮೆ ಅಥವಾ ಗಾಳಿ ಹೆಚ್ಚು. ಇನ್ನೂ ಕೆಟ್ಟರೆ ಪೆಟ್ರೋಲೇ ಹೆಚ್ಚು.

ಗಾಳಿ ಸೋರುವುದನ್ನು ಹುಡುಕಲು ವ್ಯಾಕ್ಯೂಮ್ ಪೈಪುಗಳನ್ನು ಒಂದೊಂದಾಗಿ ಚಿವುಟಿ ಹಿಡಿಯಿರಿ. ಯಾವುದನ್ನು ಹಿಡಿದಾಗ ಸ್ಲೋ ಸರಿಯಾಗುತ್ತದೋ ಸೋರುವುದು ಅದರ ದಾರಿಯಲ್ಲಿ. ಮ್ಯಾನಿಫೋಲ್ಡ್ ಸಂದುಗಳಿಗೆ ಸಾಬೂನು ನೀರು ಸ್ವಲ್ಪ ಚಿಮುಕಿಸಿ ನೋಡಿ, ಸದ್ದು ಬದಲಾದರೆ ಅಲ್ಲೇ ಸೋರಿಕೆ. ಪೆಟ್ರೋಲು ಅಥವಾ ಕಾರ್ಬುರೇಟರ್ ಕ್ಲೀನರ್ ಹೊಡೆದು ನೋಡುವವರಿದ್ದಾರೆ. ಬಿಸಿ ಎಕ್ಸಾಸ್ಟಿನ ಪಕ್ಕದಲ್ಲಿ ಅದು ಬೆಂಕಿಗೆ ಆಹ್ವಾನ.

ಪೆಟ್ರೋಲಿನಲ್ಲಿ ನೀರಿನ ಅನುಮಾನ ಇದ್ದರೆ ಎಂಜಿನ್ ಆರಿಸಿ, ಫಿಲ್ಟರಿನ ಪೈಪು ಬಿಚ್ಚಿ ಗಾಜಿನ ಬಾಟಲಿಗೆ ಸ್ವಲ್ಪ ಹಿಡಿದು ಅರ್ಧ ಗಂಟೆ ಅಲ್ಲಾಡಿಸದೆ ಇಡಿ. ತಳದಲ್ಲಿ ಬೇರೆ ಪದರ ನಿಂತರೆ ಟ್ಯಾಂಕ್ ಖಾಲಿ ಮಾಡಬೇಕು. ಈಗ ಬಂಕುಗಳಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಮಿತಿ ಮೀರಿದಾಗ ನೀರಿನೊಂದಿಗೆ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲುವ ಗಾಡಿಗೆ ಇದು ದೊಡ್ಡ ತೊಂದರೆ. ಎಥನಾಲಿಗೆಂದು ಮಾಡಿರದ ಹಳೆಯ ರಬ್ಬರ್ ಪೈಪು, ಡಯಾಫ್ರಮ್ಮುಗಳೂ ಅದರಿಂದ ಉಬ್ಬಿ ಒಡೆಯುತ್ತವೆ. ನಮ್ಮ ಗಾಡಿಯ ಪೆಟ್ರೋಲು ಪೈಪುಗಳನ್ನೆಲ್ಲ ನಾನು ಬದಲಿಸಿಬಿಟ್ಟಿದ್ದೇನೆ. ಹಳೆಯ ಗಾಡಿ ಇಟ್ಟುಕೊಂಡವರು ಮಿಸ್ಸಿಂಗ್ ಬರಲಿ ಎಂದು ಕಾಯದೆ ಈ ಕೆಲಸ ಮಾಡುವುದು ಒಳ್ಳೆಯದು.

ಎಂಟು ಹತ್ತು ಕಿಲೋಮೀಟರ್ ಓಡಿದ ಮೇಲೆ ಸೊರಗಿ ನಿಲ್ಲುವ ಗಾಡಿಯಲ್ಲಿ ಟ್ಯಾಂಕಿನ ಮುಚ್ಚಳ ಸಡಿಲಿಸಿ. ಉಸ್ ಎಂದು ಗಾಳಿ ಒಳಗೆ ನುಗ್ಗಿ, ಆಮೇಲೆ ಗಾಡಿ ಸರಾಗವಾದರೆ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿದೆ. ಸ್ಲೋದಲ್ಲಿ ಮಾತ್ರ ನಿಂತುಹೋಗುತ್ತಿದ್ದರೆ ಕಾರ್ಬುರೇಟರಿನ ಸೊಲೆನಾಯ್ಡ್ (ಸ್ಲೋದ ಪೆಟ್ರೋಲು ದಾರಿ ತೆರೆಯುವ ಕರೆಂಟಿನ ವಾಲ್ವ್) ನೋಡಿ. ಚಾವಿ ತಿರುಗಿಸಿದಾಗ ಅದು ಟಕ್ ಎನ್ನಬೇಕು.

ಏಳನೇ ಹೆಜ್ಜೆ: ಕಂಪ್ರೆಶನ್

ಗೇಜ್ ಇಲ್ಲದಿದ್ದರೆ ಗ್ಯಾರೇಜಿನಿಂದ ಕಡ ತನ್ನಿ. ಎಂಜಿನ್ ಬಿಸಿಯಿರಲಿ. ಕಾಯಿಲಿಗೆ ಬರುವ ಸಣ್ಣ ಪ್ಲಸ್ ವಯರ್ ಕಳಚಿ, ಮೂರೂ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಐದಾರು ಸೆಕೆಂಡು ಸೆಲ್ಫ್ ಹೊಡೆಯಿರಿ. ಚದರ ಸೆಂಟಿಮೀಟರಿಗೆ 12 ಕೆ.ಜಿ. ಆಸುಪಾಸು ಬಂದರೆ ಒಳ್ಳೆಯದು. ಆ ಅಂಕಿಗಿಂತಲೂ ಮೂರರ ನಡುವಿನ ವ್ಯತ್ಯಾಸ ಮುಖ್ಯ, ಅದು 1 ಕೆ.ಜಿ. ದಾಟಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಎಣ್ಣೆ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್. ಪಕ್ಕಪಕ್ಕದ ಎರಡು ಒಂದೇ ಸಮ ಕಡಿಮೆಯಾದರೆ ನಡುವಿನ ಗ್ಯಾಸ್ಕೆಟ್ ಸುಟ್ಟಿದೆ. ಮೂರೂ ಕಡಿಮೆಯಾದರೆ ಟೈಮಿಂಗ್ ಬೆಲ್ಟ್ ಒಂದು ಹಲ್ಲು ಹಾರಿದೆಯೇ ನೋಡಿ.

ವಾಲ್ವ್ ಎಂದು ಗೊತ್ತಾದೊಡನೆ ಹೆಡ್ ಇಳಿಸಲು ಹೊರಡಬೇಡಿ. ಟ್ಯಾಪೆಟ್ ಗ್ಯಾಪ್ (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು) ಅಳೆಯಿರಿ. ತಣ್ಣಗಿರುವಾಗ 0.15 ಮಿ.ಮೀ. ಆಸುಪಾಸು ಇರಬೇಕು. ಗ್ಯಾಪೇ ಇಲ್ಲದಷ್ಟು ಬಿಗಿಯಾಗಿದ್ದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಬಿಸಿಯಾದಾಗ ಇನ್ನೂ ತೆರೆದುಕೊಳ್ಳುತ್ತದೆ. ಸಡಿಲ ಟ್ಯಾಪೆಟ್ ಟಕಟಕ ಸದ್ದು ಮಾಡಿ ಎಚ್ಚರಿಸುತ್ತದೆ. ಬಿಗಿಯಾದದ್ದು ಸುಮ್ಮನಿದ್ದು ವಾಲ್ವ್ ಸುಡುತ್ತದೆ. ಬೇಗ ಕಂಡರೆ ಗ್ಯಾಪ್ ಕೂರಿಸಿದರೇ ಸಾಕು.

ಸರಿಯಾಯಿತೇ?

ಮಿಸ್ ಯಾವಾಗ ಆಗುತ್ತಿತ್ತೋ ಅದೇ ಹೊತ್ತಿನಲ್ಲಿ ಮತ್ತೆ ನೋಡಿ. ಮಳೆಯ ಬೆಳಿಗ್ಗೆಯದಾದರೆ ಮಳೆಯ ಬೆಳಿಗ್ಗೆಯೇ. ಏರಿನದಾದರೆ ಅದೇ ಏರನ್ನು ಮೂರನೇ ಗೇರಿನಲ್ಲಿ ಹತ್ತಿಸಿ. ಹೊಗೆ ಪರೀಕ್ಷೆಯ ಚೀಟಿಯೂ ಸಾಕ್ಷಿ ಹೇಳುತ್ತದೆ: ಮಿಸ್ ಆಗುವ ಗಾಡಿಯಿಂದ ಉರಿಯದ ಪೆಟ್ರೋಲು ಹೊರಬರುವುದರಿಂದ ಹೈಡ್ರೋಕಾರ್ಬನ್ ಅಂಕಿ ಮೇಲೇರಿರುತ್ತದೆ. 15 ವರ್ಷ ದಾಟಿ ಮತ್ತೆ ಮತ್ತೆ ನೋಂದಣಿ ನವೀಕರಿಸಬೇಕಾದ ಗಾಡಿಗೆ ಆ ಅಂಕಿ ಮುಖ್ಯ. ಹಳೆಯ ಚೀಟಿಯನ್ನು ಹೊಸದರ ಪಕ್ಕ ಇಟ್ಟು ನೋಡಿ.

ಯಾವ ದಿನ, ಎಷ್ಟು ಕಿಲೋಮೀಟರಿಗೆ, ಏನು ಬದಲಾಯಿಸಿದಿರಿ, ಎಷ್ಟು ಗ್ಯಾಪ್ ಇಟ್ಟಿರಿ ಎಂದು ಪುಸ್ತಕದಲ್ಲಿ ಬರೆಯಿರಿ. ಕೆಟ್ಟ ಕ್ಯಾಪು, ಬಿರುಕಿನ ಪ್ಲಗ್ಗುಗಳನ್ನು ಸ್ಪೇರ್ ಎಂದು ಡಿಕ್ಕಿಯಲ್ಲಿ ಇಡಬೇಡಿ, ಅದೇ ದಿನ ಎಸೆಯಿರಿ. ಇಟ್ಟರೆ ಇನ್ನೊಂದು ಮಳೆಗಾಲದ ಆಟಿ ತಿಂಗಳಲ್ಲಿ ಮನೆಯವರೇ ಯಾರಾದರೂ ಅದನ್ನು ತಿರುಗಿ ಹಾಕುತ್ತಾರೆ.